ಮೂರಾಣೆಯ ದರ್ಶನ

ಮೂಕಿ ಚಿತ್ರಗಳ ಕಾಲದಲ್ಲಿ ಬೊಂಬಾಯಿಯ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದ ಪ್ರದರ್ಶನದ ಜಾಹೀರಾತುಗಳು ಗಾತ್ರದಲ್ಲಿ ಚಿಕ್ಕವು. ಚಿತ್ರಮಂದಿರದ ಹೆಸರು, ಆಟದ ವೇಳೆ, ಪ್ರವೇಶದರ, ಎರಡು ಮೂರು ಸಾಲು ಹೊಗಳಿಕೆ, ಅಷ್ಟೆ. 1912ರಿಂದ ಆಚೆಗೆ ಈ ಸಾಲುಗಳಲ್ಲಿ ದೇವರು, ಭಕ್ತರು, ಪುಣ್ಯಕ್ಷೇತ್ರಗಳು ಕಾಣಿಸಿಕೊಂಡಾಗ ಜಾಹೀರಾತು ತನಗೇ ತಿಳಿಯದೆ ಒಂದು ಹಳೆಯ ವಾದದೊಳಗೆ ಕಾಲಿಟ್ಟಿತು. ದರ್ಶನವೆಂದರೆ ಏನು? ಅದಕ್ಕೆ ಪ್ರಾಣಪ್ರತಿಷ್ಠೆಯಾದ ಮೂರ್ತಿ ಬೇಕೆ, ನೋಡುವವನಿಗೆ ಅಧಿಕಾರ ಬೇಕೆ, ಅಥವಾ ಭಾವವೊಂದಿದ್ದರೆ ಸಾಕೆ? ಶಾಸ್ತ್ರಕಾರರು ಶತಮಾನಗಳ ಕಾಲ ಜಗ್ಗಾಡಿದ ಪ್ರಶ್ನೆಗೆ ಜಾಹೀರಾತು ದರಪಟ್ಟಿಯ ಭಾಷೆಯಲ್ಲಿ ಉತ್ತರ ಕೊಟ್ಟಿತು. ಉತ್ತರ ಒರಟಾಗಿತ್ತು. ಆದರೆ ಪೂರ್ತಿ ತಪ್ಪಾಗಿರಲಿಲ್ಲ.

ಬೊಂಬಾಯಿ ಕನ್ನಡಿಗರಿಗೆ ದೂರದ ಊರಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಆಗ ಅದೇ ಪ್ರಾಂತ್ಯದ ಭಾಗ. ಕರಾವಳಿಯಿಂದ ಹಡಗೇರಿ ಹೋದವರು ಅಲ್ಲಿನ ಹೋಟೆಲು, ಬಂದರು, ಕಚೇರಿಗಳಲ್ಲಿ ದುಡಿಯುತ್ತಿದ್ದರು. ಅಂಥವರ ಸಂಘವಾದ ಮೊಗವೀರ ವ್ಯವಸ್ಥಾಪಕ ಮಂಡಳಿ ಅಲ್ಲಿ ಹುಟ್ಟಿದ್ದು 1902ರಲ್ಲಿ, ನಗರದಲ್ಲಿ ಚಿತ್ರಮಂದಿರಗಳು ತಲೆಯೆತ್ತುವ ಮೊದಲೇ.

1896ರ ಜುಲೈ 7ರಂದು ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸಹೋದರರ ಚಿತ್ರಗಳು ಬೊಂಬಾಯಿಯಲ್ಲಿ ಮೊದಲ ಬಾರಿಗೆ ಪ್ರದರ್ಶನಗೊಂಡವು. ಅಂದಿನ ಟೈಮ್ಸ್ ಆಫ್ ಇಂಡಿಯಾದ ಜಾಹೀರಾತು ಅದನ್ನು ಶತಮಾನದ ಸೋಜಿಗ, ಜಗತ್ತಿನ ಬೆರಗು ಎಂದು ಕರೆಯಿತು. ಪ್ರವೇಶ ಒಂದು ರೂಪಾಯಿ. ತೆರೆಯ ಮೇಲೆ ಬಂದದ್ದು ನಿಲ್ದಾಣಕ್ಕೆ ನುಗ್ಗುವ ರೈಲು, ಕಾರ್ಖಾನೆಯಿಂದ ಹೊರಬೀಳುವ ಕೆಲಸಗಾರರು, ಉರುಳುವ ಗೋಡೆ, ಸಮುದ್ರಸ್ನಾನ. ಒಂದೇ ವಾರದಲ್ಲಿ ಪ್ರದರ್ಶನ ನಾವೆಲ್ಟಿ ಥಿಯೇಟರಿಗೆ ಸ್ಥಳಾಂತರವಾಯಿತು. ಅಲ್ಲಿ ಕನಿಷ್ಠ ದರ ನಾಲ್ಕಾಣೆಗೆ ಇಳಿಯಿತು, ಗೋಷಾ ಹೆಂಗಸರಿಗೆ ಪ್ರತ್ಯೇಕ ಬಾಕ್ಸುಗಳಿವೆ ಎಂಬ ಸಾಲು ಸೇರಿತು. ಇಲ್ಲಿ ಮಾರಾಟಕ್ಕಿದ್ದದ್ದು ಯಂತ್ರದ ಬೆರಗು. ಕಾವ್ಯಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ ಅದು ಅದ್ಭುತರಸ. ಭಕ್ತಿಗೆ ಅಲ್ಲಿ ಇನ್ನೂ ಜಾಗವಿರಲಿಲ್ಲ.

ಆ ಜಾಗ ತೆರೆದದ್ದು ಕ್ರಿಸ್ತನ ಕಥೆಯಿಂದ. 1910–11ರ ಸುಮಾರಿಗೆ ಬೊಂಬಾಯಿಯ ಅಮೆರಿಕ ಇಂಡಿಯಾ ಪಿಕ್ಚರ್ ಪ್ಯಾಲೇಸಿನಲ್ಲಿ ಧುಂಡಿರಾಜ ಗೋವಿಂದ ಫಾಲ್ಕೆ ಕ್ರಿಸ್ತನ ಜೀವನದ ಚಿತ್ರವೊಂದನ್ನು ನೋಡಿದರು. ಕಣ್ಣೆದುರು ಕ್ರಿಸ್ತ ಸಾಗುತ್ತಿದ್ದಾಗ ಮನಸ್ಸಿನಲ್ಲಿ ಕೃಷ್ಣ, ರಾಮ, ಗೋಕುಲ, ಅಯೋಧ್ಯೆಗಳು ಮೂಡುತ್ತಿದ್ದವೆಂದು 1917ರಲ್ಲಿ ನವಯುಗ ಎಂಬ ಮರಾಠಿ ಮಾಸಿಕದಲ್ಲಿ ಅವರೇ ನೆನೆಸಿಕೊಂಡಿದ್ದಾರೆ. ಒಂದು ಧರ್ಮದ ಚಿತ್ರವನ್ನು ನೋಡುತ್ತ ಇನ್ನೊಂದು ಧರ್ಮದ ದೇವರನ್ನು ಕಾಣುವುದು ಮೇಲುನೋಟಕ್ಕೆ ವಿಚಿತ್ರ. ಆದರೆ ಫಾಲ್ಕೆ ಹಿಂದೆ ರವಿವರ್ಮ ಮುದ್ರಣಾಲಯಕ್ಕೆ ಕೆಲಸ ಮಾಡಿದವರು. ಅಚ್ಚಾದ ಕಾಗದದ ಲಕ್ಷ್ಮಿ, ಸರಸ್ವತಿಯರು ಮನೆಮನೆಯ ಗೋಡೆಯೇರಿ ಅರಿಸಿನ ಕುಂಕುಮ ಪಡೆಯುತ್ತಿದ್ದುದನ್ನು ಅವರು ಬಲ್ಲರು. ಯಂತ್ರದಿಂದ ಹೊರಬಂದದ್ದು ಪೂಜೆಗೆ ಸಲ್ಲುತ್ತದೆಯೆ ಎಂಬ ಪ್ರಶ್ನೆಯನ್ನು ಜನ ಗೋಡೆಗೆ ಮೊಳೆ ಹೊಡೆಯುವಾಗಲೇ ಬಗೆಹರಿಸಿಕೊಂಡಿದ್ದರು.

ಫಾಲ್ಕೆಯವರ ಚಿತ್ರಕ್ಕಿಂತ ಮೊದಲು ಬಂದದ್ದು ರಾಮಚಂದ್ರ ಗೋಪಾಲ ತೋರಣೆಯವರ ಶ್ರೀ ಪುಂಡಲೀಕ. 1912ರ ಮೇ 18ರಂದು ಗಿರಗಾಂವ್‌ನ ಕೊರೊನೇಷನ್ ಸಿನೆಮಾಟೊಗ್ರಾಫ್‌ನಲ್ಲಿ ಅದು ತೆರೆಕಂಡಿತು. ರಂಗದ ಮೇಲಿನ ನಾಟಕವನ್ನೇ ಚಿತ್ರೀಕರಿಸಿದ್ದರಿಂದಲೂ, ಫಿಲ್ಮ್ ಸಂಸ್ಕರಣೆಗೆ ಲಂಡನ್ನಿಗೆ ಹೋಗಿ ಬಂದದ್ದರಿಂದಲೂ ಇದು ಭಾರತದ ಮೊದಲ ಕಥಾಚಿತ್ರವೆ ಎಂಬ ಜಗಳ ಇನ್ನೂ ನಿಂತಿಲ್ಲ. ಆ ಜಗಳಕ್ಕಿಂತ ಅದರ ಜಾಹೀರಾತು ಹೆಚ್ಚು ಕುತೂಹಲದ್ದು. ಮೇ 25ರ ಟೈಮ್ಸ್ ಆಫ್ ಇಂಡಿಯಾದಲ್ಲಿ ಚಿತ್ರಮಂದಿರ ಹೀಗೊಂದು ಮಾತನಾಡಿತು: ಬೊಂಬಾಯಿಯ ಹಿಂದೂಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಕಳೆದ ವಾರವೇ ಚಿತ್ರ ನೋಡಿಯಾಗಿದೆ, ಕಾರ್ಯಕ್ರಮ ಬದಲಾಗುವ ಮೊದಲು ಉಳಿದರ್ಧವೂ ಬಂದು ನೋಡಬೇಕು. 1911ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 9.8 ಲಕ್ಷ. ಅದರಲ್ಲಿ ಮೂರನೇ ಎರಡು ಪಾಲು ಹಿಂದೂಗಳೆಂದುಕೊಂಡರೂ ಅರ್ಧವೆಂದರೆ ಮೂರು ಲಕ್ಷ. ಸಾವಿರ ಜನ ಹಿಡಿಸುವ ಮಂದಿರ ದಿನಕ್ಕೆ ನಾಲ್ಕು ಆಟ ಕಿಕ್ಕಿರಿದು ಆಡಿದರೂ ವಾರಕ್ಕೆ ಇಪ್ಪತ್ತೆಂಟು ಸಾವಿರ ದಾಟದು. ಲೆಕ್ಕ ಸುಳ್ಳು. ಸುಳ್ಳು ಎಂದು ಓದುಗರಿಗೂ ಗೊತ್ತಿತ್ತು.

ಪುಂಡಲೀಕನ ಕಥೆ ಬಲ್ಲವರಿಗೆ ಈ ಜಾಹೀರಾತಿನಲ್ಲಿ ಇನ್ನೊಂದು ಸಂಗತಿ ಚುಚ್ಚುತ್ತದೆ. ತಂದೆತಾಯಿಯ ಸೇವೆಯಲ್ಲಿದ್ದ ಪುಂಡಲೀಕ ಬಾಗಿಲಿಗೆ ಬಂದ ದೇವರ ಕಡೆಗೆ ಒಂದು ಇಟ್ಟಿಗೆ ಎಸೆದು, ಅದರ ಮೇಲೆ ನಿಂತಿರು, ಕೆಲಸ ಮುಗಿಸಿ ಬರುತ್ತೇನೆ ಎಂದನಂತೆ. ದೇವರು ಸೊಂಟದ ಮೇಲೆ ಕೈಯಿಟ್ಟು ನಿಂತ, ಇಂದಿಗೂ ನಿಂತೇ ಇದ್ದಾನೆ. ಮರಾಠಿ ಸಂತರೇ ‘ಕಾನಡಾ’ ಎಂದು ಕರೆದ, ದಾಸರು ತಮ್ಮ ಅಂಕಿತವಾಗಿಸಿಕೊಂಡ ಪಂಢರಪುರದ ವಿಠಲನ ಹೆಚ್ಚುಗಾರಿಕೆ ಇದೇ: ಅವನು ಭಕ್ತನಿಗಾಗಿ ಕಾಯುವ ದೇವರು. ಜಾಹೀರಾತಿನ ವಿಠಲ ಕಾಯುವವನಲ್ಲ. ಕಾರ್ಯಕ್ರಮ ಬದಲಾಗುವುದರೊಳಗೆ ಭಕ್ತನೇ ಓಡಿಬರಬೇಕು. ಕಥೆಯ ತಿರುಳನ್ನು ಅದರ ಜಾಹೀರಾತೇ ಇಷ್ಟು ನೀಟಾಗಿ ತಲೆಕೆಳಗು ಮಾಡಿದ ನಿದರ್ಶನ ಬೇರೆ ಸಿಗುವುದು ಕಷ್ಟ.

ಆದರೂ ಇದನ್ನು ವ್ಯಾಪಾರದ ಅಪಚಾರವೆಂದು ತಳ್ಳಿಹಾಕಿದರೆ ಆತುರವಾಗುತ್ತದೆ. ಕಾಲದ ಗಡುವು ಇರುವ ದರ್ಶನ ಈ ನಾಡಿಗೆ ಹೊಸದೇನಲ್ಲ. ಗಣೇಶನ ಮಣ್ಣಿನ ಮೂರ್ತಿಗೆ ಆವಾಹನೆಯೂ ಉಂಟು, ವಿಸರ್ಜನೆಯೂ ಉಂಟು. ಜಾತ್ರೆಯ ತೇರು ವರ್ಷಕ್ಕೊಮ್ಮೆ. ಗರ್ಭಗುಡಿಯ ಮೂಲಮೂರ್ತಿ ಕದಲದಿದ್ದರೂ ಉತ್ಸವಮೂರ್ತಿ ಬೀದಿಗಿಳಿದು ಬರುತ್ತದೆ, ಬಂದಷ್ಟೇ ಬೇಗ ಹಿಂತಿರುಗುತ್ತದೆ. ಕೊರೊನೇಷನ್ನಿನ ಪರದೆಯ ಮೇಲೆ ದಿನಕ್ಕೆ ಹಲವು ಬಾರಿ ಬಂದುಹೋಗುತ್ತಿದ್ದ ವಿಠಲ ಈ ಸಾಲಿಗೆ ಸೇರಬಲ್ಲವನೆ ಎಂಬುದು ವಿಚಾರ ಮಾಡತಕ್ಕ ಪ್ರಶ್ನೆ.

ಮರುವರ್ಷ ಫಾಲ್ಕೆಯವರ ರಾಜಾ ಹರಿಶ್ಚಂದ್ರ ಬಂತು. 1913ರ ಏಪ್ರಿಲ್ 21ರಂದು ಒಲಿಂಪಿಯಾದಲ್ಲಿ ಆಹ್ವಾನಿತರಿಗೆ, ಮೇ 3ರಂದು ಕೊರೊನೇಷನ್ನಿನಲ್ಲಿ ಸಾರ್ವಜನಿಕರಿಗೆ ಪ್ರದರ್ಶನ. ಇದು ಹಿಂದೂ ಪುರಾಣದಿಂದ ಆಯ್ದ ಬೋಧಪ್ರದ ವಸ್ತು, ಈ ದೇಶದಲ್ಲೇ ತಯಾರಾದ ಮೊದಲ ಚಿತ್ರ, ಅಪಾರ ಖರ್ಚಿನಲ್ಲಿ ಮಾಡಿದ್ದು, ಪವಿತ್ರ ಕಾಶಿಯ ಅಸಲಿ ದೃಶ್ಯಗಳುಳ್ಳದ್ದು, ನಮ್ಮ ಹಿಂದೂ ಗಿರಾಕಿಗಳಿಗೆ ಹಿಡಿಸುವುದು ಖಂಡಿತ ಎಂದೆಲ್ಲ ಜಾಹೀರಾತು ಸಾರಿತು. ಅದೇ ಆಟದಲ್ಲಿ ಒಬ್ಬ ವಿದೇಶಿ ನರ್ತಕಿಯ ಕುಣಿತ, ಹಾಸ್ಯದ ತುಣುಕು, ಕಾಲಿನಿಂದ ಚಳಕ ತೋರುವ ಕಸರತ್ತುಗಾರ ಕೂಡ ಇದ್ದರು. ಗುಡಿಯ ಶಿಸ್ತು ಇದಕ್ಕೆ ಒಗ್ಗದು, ಜಾತ್ರೆಯ ಶಿಸ್ತಿಗಾದರೆ ಚೆನ್ನಾಗಿ ಒಗ್ಗುತ್ತದೆ. ತೇರಿನ ಪಕ್ಕದಲ್ಲೇ ಬೆಂಡು ಬತ್ತಾಸು, ದೊಂಬರಾಟ, ತೊಟ್ಟಿಲು ಇದ್ದರೆ ಯಾರ ಭಕ್ತಿಗೂ ಕುಂದು ಬಂದದ್ದಿಲ್ಲ.

ಸೂರತ್‌ನಲ್ಲಿ ಇದೇ ಚಿತ್ರಕ್ಕೆ ಜನ ಬರಲಿಲ್ಲವಂತೆ. ಎರಡಾಣೆ ಕೊಟ್ಟರೆ ಆರು ಗಂಟೆ ನಾಟಕ ನೋಡಬಹುದಾದ ಊರಿನಲ್ಲಿ ಒಂದೂವರೆ ಗಂಟೆಯ ಆಟಕ್ಕೆ ಮೂರಾಣೆ ಯಾಕೆ ಕೊಡಬೇಕು ಎಂಬುದು ಅಲ್ಲಿನವರ ತಕರಾರು. ಫಾಲ್ಕೆ ಜಾಹೀರಾತಿನ ಧಾಟಿ ಬದಲಿಸಿದರು: 57,000 ಛಾಯಾಚಿತ್ರಗಳ ಪ್ರದರ್ಶನ, ಎರಡು ಮೈಲಿ ಉದ್ದದ ಚಿತ್ರ, ಎಲ್ಲವೂ ಬರೀ ಮೂರಾಣೆಗೆ. ಮಂದಿರ ತುಂಬಿತು. ಚಿತ್ರದ ಉದ್ದ ಸುಮಾರು 3,700 ಅಡಿ, ಅಡಿಗೆ ಹದಿನಾರು ಚೌಕಟ್ಟು. ಗುಣಿಸಿದರೆ 59,200. ಅಂದರೆ ಛಾಯಾಚಿತ್ರಗಳ ಲೆಕ್ಕ ಹತ್ತಿರಹತ್ತಿರ ಸರಿ, ತುಸು ಕಡಿಮೆಯೇ ಹೇಳಿದ್ದಾರೆ. ಆದರೆ ಎರಡು ಮೈಲಿಗೆ 10,560 ಅಡಿ ಬೇಕು. ಉದ್ದ ಸುಮಾರು ಮೂರು ಪಟ್ಟು ಹಿಗ್ಗಿದೆ. ಸತ್ಯಕ್ಕಾಗಿ ರಾಜ್ಯ, ಹೆಂಡತಿ, ಮಗ ಎಲ್ಲವನ್ನೂ ಬಿಟ್ಟು ಸುಡುಗಾಡು ಕಾದವನ ಕಥೆಯನ್ನು ಮಾರಲು ಒಂದು ಸುಳ್ಳು ಬೇಕಾಯಿತು. ರಾಘವಾಂಕನ ಹರಿಶ್ಚಂದ್ರನನ್ನು ಓದಿದ ಕನ್ನಡಿಗರು ಇದನ್ನು ಕೇಳಿ ನಗಬಹುದು.

ಈ ಜಾಹೀರಾತುಗಳಲ್ಲಿ ಎಲ್ಲಿಯೂ ಬಾರದ ಮಾತೊಂದಿದೆ: ಇಲ್ಲಿ ದೇವರಿದ್ದಾನೆ. ಉದ್ದವೆಷ್ಟು, ಖರ್ಚೆಷ್ಟು, ಎಲ್ಲಿ ತಯಾರಾಯಿತು, ಎಷ್ಟು ಛಾಯಾಚಿತ್ರ ಎಂದು ಜಾಹೀರಾತು ಹೇಳುತ್ತದೆ. ತಾನು ಮಾರುತ್ತಿರುವುದು ತಯಾರಿಸಿದ ವಸ್ತು ಎಂಬುದನ್ನು ಅದು ಮುಚ್ಚಿಡುವುದಿಲ್ಲ, ಅದೇ ಅದರ ಹೆಮ್ಮೆ. ಕೈಮುಗಿದದ್ದು ನೋಡುಗರು. 1917ರಲ್ಲಿ ಫಾಲ್ಕೆಯವರ ಲಂಕಾದಹನ ಬಂದಾಗ ರಾಮ ಪರದೆಯ ಮೇಲೆ ಕಾಣಿಸಿದೊಡನೆ ಜನ ಎದ್ದು ಅಡ್ಡಬಿದ್ದರೆಂಬ ನೆನಪುಗಳಿವೆ. ರಾಮನಾಗಿದ್ದವರು ಅಣ್ಣಾ ಸಾಳುಂಕೆ. ಹಿಂದೆ ಹೋಟೆಲೊಂದರಲ್ಲಿ ಅಡುಗೆ ಕೆಲಸದಲ್ಲಿದ್ದು, ಹರಿಶ್ಚಂದ್ರದಲ್ಲಿ ತಾರಾಮತಿಯ ಸೀರೆಯುಟ್ಟವರು. ಲಂಕಾದಹನದಲ್ಲಿ ಸೀತೆಯೂ ಅವರೇ. ಅಡ್ಡಬಿದ್ದವರಿಗೆ ಇದು ಗೊತ್ತಿದ್ದರೂ ಅವರು ಏಳುತ್ತಿರಲಿಲ್ಲ.

ಇವರು ಮಾಡಿದ್ದು ಭ್ರಮೆಯೆ? ಬ್ರಹ್ಮಸೂತ್ರದ ನಾಲ್ಕನೇ ಅಧ್ಯಾಯದ ಮೊದಲ ಪಾದದಲ್ಲಿ ಇದಕ್ಕೆ ತೀರ ಹತ್ತಿರದ ಚರ್ಚೆಯಿದೆ. ಪ್ರತೀಕವನ್ನೇ ಆತ್ಮವೆಂದು ತಿಳಿಯಕೂಡದು ಎಂದು ಒಂದು ಸೂತ್ರ ಹೇಳಿದರೆ, ಪ್ರತೀಕದಲ್ಲಿ ಬ್ರಹ್ಮವನ್ನು ಕಾಣಬಹುದು, ಏಕೆಂದರೆ ಬ್ರಹ್ಮ ಮೇಲಿನದು ಎಂದು ಮುಂದಿನದು ಹೇಳುತ್ತದೆ. ಶಂಕರರು ಕೊಡುವ ದೃಷ್ಟಾಂತ ಲೋಕದ್ದು. ಸಾರಥಿಯನ್ನು ರಾಜನೆಂದು ಭಾವಿಸಿ ಗೌರವಿಸಿದರೆ ಕೆಡುಕಿಲ್ಲ, ರಾಜನನ್ನು ಸಾರಥಿಯೆಂದು ಕಂಡರೆ ಕೆಟ್ಟಿತು. ಹಗ್ಗವನ್ನು ಹಾವೆಂದು ತಿಳಿಯುವ ಅಧ್ಯಾಸ ಬೇರೆ, ಕೆಳಗಿನದರಲ್ಲಿ ಮೇಲಿನದನ್ನು ಬೇಕೆಂದೇ ಕಾಣುವ ಉಪಾಸನೆ ಬೇರೆ. ಸಾಳುಂಕೆಯಲ್ಲಿ ರಾಮನನ್ನು ಕಂಡವನು ಈ ಎರಡನೆಯ ಗುಂಪಿನವನು.

ಮಧ್ವರ ಮತ ಇಲ್ಲಿ ಇನ್ನೂ ಎಚ್ಚರದ್ದು. ಪ್ರತಿಮೆಯೇ ದೇವರೆನ್ನುವುದು ಅವರಿಗೆ ಮಿಥ್ಯಾಜ್ಞಾನ. ಪ್ರತಿಮೆಯೊಳಗೆ ಅದಕ್ಕಿಂತ ಬೇರೆಯಾಗಿ ದೇವರು ಸನ್ನಿಹಿತನಾಗಿದ್ದಾನೆ ಎಂದು ತಿಳಿದು ಪೂಜಿಸುವುದು ಸರಿ. ಜೀವನನ್ನು ಬ್ರಹ್ಮದ ಪ್ರತಿಬಿಂಬವೆಂದು ಅವರು ಕರೆದಾಗಲೂ ಅರ್ಥ ಕನ್ನಡಿಯ ನೆರಳೆಂದಲ್ಲ. ಬಿಂಬಕ್ಕೆ ಅಧೀನವಾಗಿರುವುದು, ಬಿಂಬವನ್ನು ಹೋಲುವುದು, ಇವೆರಡು ಸೇರಿದರೆ ಪ್ರತಿಬಿಂಬ. ಚಲನಚಿತ್ರವನ್ನು ಈ ಅಳತೆಗೆ ಹಿಡಿದರೆ ಒಂದು ತೊಡಕು ಎದುರಾಗುತ್ತದೆ. ಹೋಲಿಕೆ ಧಾರಾಳವಾಗಿದೆ. ಅಧೀನತೆ? ತೊಗಲುಗೊಂಬೆಯಾಟದಲ್ಲಿ ಪರದೆಯ ಹಿಂದೆ ಗೊಂಬೆಯುಂಟು, ಅದನ್ನು ಎತ್ತಿದರೆ ನೆರಳು ಮಾಯ. ಕನ್ನಡಿಯೂ ಹಾಗೆಯೇ. ಫಿಲ್ಮಿನಲ್ಲಿ ಬಿಂಬ ಹೊರಟುಹೋದ ಮೇಲೂ ಪ್ರತಿಬಿಂಬ ಕುಣಿಯುತ್ತಲೇ ಇರುತ್ತದೆ. ನಟ ಊರಿಗೆ ಹೋಗಿರಬಹುದು, ಸತ್ತಿರಬಹುದು. ಬಿಂಬವಿಲ್ಲದೆ ಉಳಿಯುವ ಪ್ರತಿಬಿಂಬವನ್ನು ಹಳೆಯ ದೃಷ್ಟಾಂತಗಳು ಕಂಡಿರಲಿಲ್ಲ. ಸಿನೆಮಾ ತತ್ತ್ವಚಿಂತನೆಗೆ ತಂದ ನಿಜವಾದ ಹೊಸತು ಇದು. ಪರದೆಯ ಮೇಲೆ ದೇವರು ಬಂದದ್ದು ಅದರ ಮುಂದೆ ಚಿಕ್ಕ ಸಂಗತಿ.

ಒಂಬತ್ತನೆಯ ಶತಮಾನದ ಕಾಶ್ಮೀರದ ಶಂಕುಕ ನಟನ ಬಗ್ಗೆ ಹೇಳಿದ ಚಿತ್ರತುರಗ ನ್ಯಾಯ ಇಲ್ಲಿ ನೆರವಿಗೆ ಬರುತ್ತದೆ. ಚಿತ್ರದ ಕುದುರೆಯನ್ನು ನೋಡಿ ಕುದುರೆ ಎನ್ನುವ ಅರಿವು ನಿಜಜ್ಞಾನವೂ ಅಲ್ಲ, ತಪ್ಪುಜ್ಞಾನವೂ ಅಲ್ಲ, ಸಂದೇಹವೂ ಅಲ್ಲ, ಬರಿಯ ಹೋಲಿಕೆಯೂ ಅಲ್ಲ. ಅದು ತನ್ನದೇ ಬಗೆಯ ಅರಿವು. ಕನ್ನಡದ ಓದುಗರಿಗೆ ತೀ.ನಂ.ಶ್ರೀ. ಅವರ ಭಾರತೀಯ ಕಾವ್ಯಮೀಮಾಂಸೆಯಿಂದ ಈ ವಾದ ಪರಿಚಿತ. ಶಂಕುಕನಿಗೆ ಇದು ರಸದ ಪ್ರಶ್ನೆ, ಲಂಕಾದಹನದ ನೋಡುಗನಿಗೆ ಭಕ್ತಿಯ ಪ್ರಶ್ನೆ. ಆದರೆ ಇಬ್ಬರೂ ಒಂದೇ ಜಾಗದಲ್ಲಿ ನಿಂತಿದ್ದಾರೆ.

ಕರಾವಳಿಯವರಿಗೆ ಈ ಭೇದಗಳು ಪುಸ್ತಕದ ಹಂಗಿಲ್ಲದೆ ಗೊತ್ತು. ಯಕ್ಷಗಾನದ ಕೃಷ್ಣ ಚೌಕಿಯಲ್ಲಿ ಬಣ್ಣ ತೊಳೆದರೆ ಮತ್ತೆ ಊರಿನ ಮನುಷ್ಯನೇ. ನೇಮದಲ್ಲಿ ಮೈಮೇಲೆ ಬಂದ ದೈವ ವೇಷವಲ್ಲ, ಅದು ಕೊಟ್ಟ ನುಡಿಗೆ ಊರು ತಲೆಬಾಗುತ್ತದೆ. ಎರಡಕ್ಕೂ ಬಣ್ಣ, ಗಗ್ಗರ ಅಥವಾ ಗೆಜ್ಜೆ, ಬೆಂಕಿಯ ಬೆಳಕು ಇದ್ದರೂ ಒಂದನ್ನು ಇನ್ನೊಂದೆಂದು ಯಾರೂ ತಿಳಿಯುವುದಿಲ್ಲ. ಪ್ರತಿಮೆಗಳ ವಿಷಯದಲ್ಲಿ ಭಾಗವತದ ಹನ್ನೊಂದನೆಯ ಸ್ಕಂಧವೂ ಉದಾರವಾಗಿದೆ. ಕಲ್ಲು, ಮರ, ಲೋಹ, ಲೇಪ, ಚಿತ್ರ, ಮರಳು, ಮಣಿ, ಕೊನೆಗೆ ಮನಸ್ಸು, ಹೀಗೆ ಎಂಟು ಬಗೆ ಅದರಲ್ಲಿದೆ. ಅಲೆ ಬಂದರೆ ಕರಗುವ ಮರಳು ಸಲ್ಲುವುದಾದರೆ, ಯಾರಿಗೂ ಕಾಣದ ಮನೋಮಯ ಮೂರ್ತಿ ಸಲ್ಲುವುದಾದರೆ, ಬೆಳಕಿನ ಮೂರ್ತಿಯನ್ನು ಹೊರಗಿಡಲು ಬೇರೆ ಕಾರಣ ಹುಡುಕಬೇಕಾಗುತ್ತದೆ. ಎಲ್ಲರೂ ಈ ದಾರಿ ಹಿಡಿಯಲಾರರು. ಅಂಗೈಯ ಇಷ್ಟಲಿಂಗವಲ್ಲದೆ ಬೇರೆ ಮೂರ್ತಿಗೆ ಕೈಮುಗಿಯದ ಶರಣರ ಪರಂಪರೆಗೆ ಪರದೆಯೂ ಸ್ಥಾವರವೇ. ಪ್ರವಾದಿಗಳ ರೂಪ ಬರೆಯುವುದನ್ನೇ ಒಪ್ಪದ ಮುಸಲ್ಮಾನರಿಗೆ ಪ್ರಶ್ನೆ ಏಳುವುದೇ ಇಲ್ಲ.

ನೋಡುವ ಕಣ್ಣು ಎಷ್ಟು ದೂರ ಹೋಗಬಲ್ಲದು ಎಂಬುದನ್ನು ತೋರಿಸಿಕೊಟ್ಟವರು ಭಕ್ತರಲ್ಲ, ಸರ್ಕಾರದವರು. 1921ರ ಭಕ್ತ ವಿದುರದಲ್ಲಿ ದ್ವಾರಕಾದಾಸ ಸಂಪತ್ ಖಾದಿಯುಟ್ಟು, ಗಾಂಧಿ ಟೋಪಿ ತೊಟ್ಟು ವಿದುರನಾಗಿದ್ದರು. ಕರಾಚಿಯಲ್ಲೂ ಮದರಾಸಿನಲ್ಲೂ ಚಿತ್ರ ನಿಷೇಧವಾಯಿತು. ಅಧಿಕಾರಿಗಳು ವಿದುರನಲ್ಲಿ ಗಾಂಧಿಯನ್ನು ಕಂಡಿದ್ದರು. ಶಂಕರರ ಸಾರಥಿಯ ದೃಷ್ಟಾಂತ ಅವರಿಗೆ ಓದದೆಯೇ ಒಲಿದಿತ್ತು.

ಜಾಹೀರಾತಿನ ದರಪಟ್ಟಿಗೆ ಮರಳಿದರೆ ಅಧಿಕಾರದ ಪ್ರಶ್ನೆ ಎದುರಾಗುತ್ತದೆ. ಶಾಸ್ತ್ರದಲ್ಲಿ ಅಧಿಕಾರವೆಂದರೆ ಯಾರು ಏನನ್ನು ಕೇಳಬಹುದು, ಮುಟ್ಟಬಹುದು, ನೋಡಬಹುದು ಎಂಬ ಕಟ್ಟಳೆ. ಮೇಲುಕೋಟೆಯಲ್ಲಿ ತಿರುಕುಲದವರೆಂದು ಕರೆಸಿಕೊಂಡ ದಲಿತರಿಗೆ ಗುಡಿಯ ಬಾಗಿಲು ತೆರೆಯುತ್ತಿದ್ದದ್ದು ವರ್ಷಕ್ಕೆ ಮೂರು ದಿನ, ಅದೂ ಆ ಕಾಲಕ್ಕೆ ದೊಡ್ಡ ಔದಾರ್ಯವೆನಿಸಿತ್ತು. ಪಂಢರಪುರದಲ್ಲಿ ದಲಿತರು ಸಂತ ಚೋಖಾಮೇಳನ ಸಮಾಧಿಯ ಬಳಿ, ಮೆಟ್ಟಿಲ ಕೆಳಗೇ ನಿಲ್ಲಬೇಕಿತ್ತು. ಆ ಬಾಗಿಲು ತೆರೆದದ್ದು 1947ರ ಮೇ ತಿಂಗಳಲ್ಲಿ, ಸಾನೆ ಗುರೂಜಿಯವರ ಉಪವಾಸದ ನಂತರ. ಅದಕ್ಕೂ ಮೂವತ್ತೈದು ವರ್ಷ ಹಿಂದೆ ಕೊರೊನೇಷನ್ನಿನ ಜಾಹೀರಾತು ವಿಠಲನ ಕಥೆಗೆ ಜನರನ್ನು ಕರೆದಾಗ ಜಾತಿ ಕೇಳಿರಲಿಲ್ಲ, ಆಣೆ ಕೇಳಿತ್ತು. ಕತ್ತಲಲ್ಲಿ ಕೂತವರು ಮೈಗೆ ಮೈ ತಾಗದಂತೆ ಸರಿದಿರಬಹುದು. ನೆಲ, ಬೆಂಚು, ಕುರ್ಚಿ, ಬಾಕ್ಸ್ ಎಂಬ ಹೊಸ ಶ್ರೇಣಿ ಹಳೆಯದರ ಪಕ್ಕದಲ್ಲೇ ಏರಿತ್ತು. ಆದರೂ ಹುಟ್ಟಿನಿಂದ ಬರುವ ಅಧಿಕಾರದ ಜಾಗದಲ್ಲಿ ಕೊಂಡುಕೊಳ್ಳಬಹುದಾದ ಅಧಿಕಾರ ಬಂದದ್ದು ಸಣ್ಣ ಬದಲಾವಣೆಯಲ್ಲ. ದೇವರಿಗೆ ದರ ಕಟ್ಟಿದರು ಎಂದು ಹಳಿಯುವವರು ಇಂದಿನ ಯಾವುದೇ ದೊಡ್ಡ ದೇವಸ್ಥಾನದ ಕೌಂಟರಿನ ಮುಂದಿರುವ ಸೇವಾಪಟ್ಟಿಯ ಬೋರ್ಡನ್ನು ಒಮ್ಮೆ ಓದಿ ನೋಡಬೇಕು.

ಇದೇ ಜಾಹೀರಾತಿಗೆ ಇನ್ನೊಂದು ಮುಖವೂ ಇದೆ, ಅದನ್ನು ಮೆಚ್ಚುವುದು ಕಷ್ಟ. ಅದು ಪಂಢರಪುರದ ವಾರಕರಿಗಳನ್ನಾಗಲಿ, ದಾಸರ ಮನೆತನದವರನ್ನಾಗಲಿ, ಇಂಥ ಮಠದ ಶಿಷ್ಯರನ್ನಾಗಲಿ ಕರೆಯಲಿಲ್ಲ. ಕರೆದದ್ದು ‘ಹಿಂದೂ ಗಿರಾಕಿಗಳನ್ನು’, ‘ಹಿಂದೂ ಜನಸಂಖ್ಯೆಯ ಅರ್ಧವನ್ನು’. ಜನಗಣತಿಯ ಕೋಷ್ಟಕದಲ್ಲಿ ಹುಟ್ಟಿದ ಲೆಕ್ಕದ ಗುಂಪು ಇಲ್ಲಿ ಗಿರಾಕಿಗಳ ಗುಂಪಾಯಿತು. ಒಂದೊಂದು ದೇವರ ಹೆಸರಿನಲ್ಲಿ ಹರಡಿಕೊಂಡಿದ್ದ ಭಕ್ತಿ ಒಂದೇ ತಲೆಬರಹದ ಕೆಳಗೆ ಬಂತು. ಚಿತ್ರಮಂದಿರದ ಮಾಲೀಕನಿಗೆ ಬೇಕಿದ್ದದ್ದು ತುಂಬಿದ ಕುರ್ಚಿಗಳು ಮಾತ್ರ. ಆದರೆ ಆ ಮಾತಿನ ರೂಢಿ ಕುರ್ಚಿಗಳ ಆಚೆಗೂ ಬೆಳೆಯಿತು.

1931ರ ಮಾರ್ಚ್ 14ರಂದು ಬೊಂಬಾಯಿಯ ಮೆಜೆಸ್ಟಿಕ್‌ನಲ್ಲಿ ಮಾತಾಡುವ ಚಿತ್ರ ಆಲಂ ಆರಾ ತೆರೆಕಂಡಾಗ ಜಾಹೀರಾತಿನ ಹೆಮ್ಮೆ ಅಡಿ, ಮೈಲಿಗಳಿಂದ ಮಾತಿಗೆ ಹೊರಳಿತು. ಕನ್ನಡದ ಪರದೆ ಮಾತಾಡಿದ್ದು 1934ರ ಮಾರ್ಚ್ 3ರಂದು, ಬೆಂಗಳೂರಿನ ಪ್ಯಾರಮೌಂಟ್‌ನಲ್ಲಿ ಸತಿ ಸುಲೋಚನಾ ಬಂದಾಗ. ಅದೂ ಪುರಾಣದ ಕಥೆಯೇ. ಮೌನದಲ್ಲೇ ಉಪದೇಶಿಸುವ ದಕ್ಷಿಣಾಮೂರ್ತಿಯನ್ನು ಬಲ್ಲ ಜನಕ್ಕೆ ಮೂಕ ದೇವರು ಕೊರತೆಯೆನಿಸಿರಲಿಲ್ಲ. ಕಥೆ ಎಲ್ಲರಿಗೂ ಗೊತ್ತಿದ್ದರಿಂದ ಮಾತಿನ ಅಗತ್ಯವೇ ಬಿದ್ದಿರಲಿಲ್ಲ.

ಪ್ರಶ್ನೆ ಈಗ ಬೇರೆ ರೂಪದಲ್ಲಿ ಉಳಿದಿದೆ. ಜಿಗಣಿಯ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮುಗಿಸಿ ಬಾಡಿಗೆ ಕೋಣೆಗೆ ಬಂದವನು ಬನ್ನೇರುಘಟ್ಟದ ಚಂಪಕಧಾಮಸ್ವಾಮಿಯ ಗುಡಿಗೆ ಹೋಗಲು ಪುರುಸೊತ್ತಿಲ್ಲದೆ ಮೊಬೈಲಿನಲ್ಲಿ ತಿರುಪತಿಯ ನೇರಪ್ರಸಾರಕ್ಕೆ ಕೈಮುಗಿಯಬಲ್ಲ. ಆಗ ಬಿಂಬ ಆ ಕ್ಷಣಕ್ಕೆ ಬೆಟ್ಟದ ಮೇಲೆ ನಿಜವಾಗಿ ಇದೆ, ಪ್ರತಿಬಿಂಬ ಅಂಗೈಯಲ್ಲಿದೆ. ಅದನ್ನೇ ಮರುದಿನ ಯೂಟ್ಯೂಬಿನಲ್ಲಿ ನೋಡಿದರೆ ಬಿಂಬ ಆಗಿನ ಅಲಂಕಾರದಲ್ಲಿ ಇಲ್ಲ. ಎರಡರಲ್ಲಿ ಮೊದಲನೆಯದೇ ಹೆಚ್ಚಿನ ದರ್ಶನ ಎಂದು ನೋಡುವವನಿಗೆ ಅನಿಸುವುದಾದರೆ, ಮಧ್ವರ ಅಧೀನತೆಯ ಮಾತನ್ನು ಅವನು ಒಪ್ಪಿದಂತೆ. ಎರಡೂ ಒಂದೇ ಎನಿಸಿದರೆ ಅವನು ಲಂಕಾದಹನದ ನೋಡುಗನ ಮೊಮ್ಮಗ.

ರಾಜಾ ಹರಿಶ್ಚಂದ್ರದ ನಾಲ್ಕು ರೀಲುಗಳಲ್ಲಿ ಮೊದಲನೆಯದೂ ಕೊನೆಯದೂ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿವೆ. ಅವು ಕೂಡ 1917ರ ಮರುಚಿತ್ರೀಕರಣದವು ಎಂದು ಕೆಲವು ವಿದ್ವಾಂಸರ ವಾದ. ಲಂಕಾದಹನದ ತುಣುಕು ಮಾತ್ರ ಉಳಿದಿದೆ. ಶ್ರೀ ಪುಂಡಲೀಕದ ಒಂದಡಿ ಫಿಲ್ಮೂ ಉಳಿದಿಲ್ಲ. ಬೇಗ ಬನ್ನಿ, ಕಾರ್ಯಕ್ರಮ ಬದಲಾಗುತ್ತದೆ ಎಂದು ಕರೆದ ಅದರ ಜಾಹೀರಾತು 1912ರ ಮೇ 25ರ ಪತ್ರಿಕೆಯಲ್ಲಿ ಇಂದಿಗೂ ಓದಲು ಸಿಗುತ್ತದೆ.